ಉಪಕರಣವಿಲ್ಲದ ಮೊಳೆ

ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು, ನಲವತ್ತಮೂರನೇ ವಯಸ್ಸಿಗೆ ಲೇತಿನಲ್ಲಿ ಕಬ್ಬಿಣ ಕಡೆಯುವ ಕೆಲಸ ಕಲಿಯಲು ಬಂದಿದ್ದ ಅವಳಿಗೆ. ವರ್ಕ್‌ಶಾಪಿನಲ್ಲಿ ಗೋಡೆಯ ಬೋರ್ಡಿನಿಂದ ಉಪಕರಣ ತೆಗೆದವರು ಅದು ತೂಗುತ್ತಿದ್ದ ಮೊಳೆಗೆ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು. ಇವತ್ತು ಬೋರ್ಡಿನ ತುದಿಯಲ್ಲಿ ಉಪಕರಣವೇ ಇಲ್ಲದ ಹೊಸ ಮೊಳೆಯೊಂದಿತ್ತು.

"ತಲೆ ಕೆಟ್ಟೋಯ್ತು ಅನ್ಸಿದ್ರೆ ಇಲ್ಲಿ ಬಿಲ್ಲೆ ಹಾಕಿ, ಹೊರಗೆ ಬೆಂಚ್ ಮೇಲೆ ಹತ್ತು ನಿಮಿಷ ಕೂತು ಬನ್ನಿ. ಯಾರೂ ಏನೂ ಕೇಳಲ್ಲ," ಎಂದರು ಮೇಷ್ಟ್ರು.

"ಕೇಳಲ್ಲ, ಬರ್ಕೋತಾರೆ," ಎಂದು ಪಕ್ಕದ ಲೇತಿನವನು ಪಿಸುಗುಟ್ಟಿದ. ಅವಳ ಅನುಮಾನವೂ ಅದೇ. ಬೆಳಗಿನಿಂದ ಮೂರು ಕಂಬಿ ಕೆಡಿಸಿದ್ದಳು. ಆದರೂ ಬಿಲ್ಲೆಯನ್ನು ಮುಷ್ಟಿಯಿಂದ ಬಿಡಲಿಲ್ಲ.

ಮಧ್ಯಾಹ್ನ ನೋಡಿದರೆ ಆ ಮೊಳೆಯಲ್ಲೊಂದು ಬಿಲ್ಲೆ! ಯಾರಪ್ಪಾ ಬಲೆಗೆ ಬಿದ್ದವರು ಎಂದು ತಿರುಗಿಸಿದಳು. ನಂಬರ್ ಒಂದು, ಮೇಷ್ಟ್ರದೇ. ಕಿಟಕಿಯಾಚೆ ಅವರು ತಲೆ ಹಿಡಿದು ಬೆಂಚಿನ ಒಂದು ಅಂಚಿನಲ್ಲಿ ಕೂತಿದ್ದರು. ಅವಳು ತನ್ನ ಬಿಲ್ಲೆಯನ್ನು ಅದರ ಮೇಲೇ ತೂಗುಹಾಕಿದಳು.