ಕೀಲಿನ ಕಡ್ಡಿ

“ಮತ್ತೆ ಕಡ್ಡಿ ಬಿದ್ದುಹೋಯ್ತು, ಆಚಾರ್ರೇ,” ಎನ್ನುತ್ತ ಆಕೆ ರಷ್ಯಾದ ಹಳೆಯ ಮರದ ಸಿಗರೇಟು ಡಬ್ಬಿಯನ್ನು ಕೈಚೀಲದಿಂದ ತೆಗೆದಿಟ್ಟಳು. ಅದು ತೀರಿಹೋದ ಗಂಡನದು. ಮುಚ್ಚಳ ಕಳಚಿಕೊಂಡು ಬೇರೆಯಾಗಿತ್ತು.

ಮುದುಕ ಬಡಗಿ ಕನ್ನಡಕ ಏರಿಸಿದ. “ಎಂಥಾ ಕೆಲಸ ನೋಡಿ! ಒಂದು ಕಬ್ಬಿಣದ ಮೊಳೆ ಇಲ್ಲ. ಕೀಲೂ ಮರದ್ದೇ, ಅದನ್ನ ಹಿಡಿದಿರೋ ಕಡ್ಡೀನೂ ಮರದ್ದೇ. ಮುಚ್ಚಿದ್ರೆ ಸಂದು ಉಗುರಿಗೂ ಸಿಗಲ್ಲ.”

“ಪ್ರತಿ ಸಲಾನೂ ಇದನ್ನೇ ಹೇಳ್ತೀರಿ.”

“ನೀವೂ ಪ್ರತಿ ಸಲಾನೂ ಕಡ್ಡಿ ಬಿತ್ತು ಅಂತೀರಿ.” ಆತ ಬೀಟೆಮರದ ಚೂರೊಂದನ್ನು ಹೆರೆಯತೊಡಗಿದ. “ನಾನು ಕೂರಿಸಿದ ಕಡ್ಡಿ ತಾನಾಗಿ ಬೀಳಲ್ಲಮ್ಮ. ಯಾರಾದ್ರೂ ತಳ್ಳಿ ತೆಗೀಬೇಕು.”

ಆಕೆ ತಲೆ ತಗ್ಗಿಸಿದಳು. ಮನೆಯಲ್ಲಿ ಆಕೆಯ ಹೊರತು ಯಾರೂ ಇರಲಿಲ್ಲ.

ಆತ ಕಡ್ಡಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಅದನ್ನು ಎಂದಿಗಿಂತ ತುಸು ತೆಳ್ಳಗೆ ಹೆರೆದು ಕೀಲಿಗೆ ಕೂರಿಸಿದ. ಎಂದಿನಂತೆ ಎರಡು ಟೀ ತರಿಸಿದ. ಗಿರಾಕಿಗಳಿಲ್ಲದ ಅಂಗಡಿಯಲ್ಲಿ ಇಬ್ಬರೂ ನಿಧಾನವಾಗಿ ಕುಡಿದರು.

ಇನ್ನು ಆ ಕಡೆ ತಲೆ ಹಾಕಬಾರದು ಎಂದುಕೊಂಡೇ ಆಕೆ ಮನೆಗೆ ಬಂದಳು. ಕೆಲವು ದಿನ ತಡೆದುಕೊಂಡಳು ಕೂಡ. ಭಾನುವಾರ ಮಧ್ಯಾಹ್ನದವರೆಗೂ ಯಾರೊಂದಿಗೂ ಒಂದು ಮಾತೂ ಆಡದೆ ಬಾಯಿ ಒಣಗಿದಂತಾದಾಗ, ನಾಚಿಕೆ ಬಿಟ್ಟು ಎದ್ದು, ಕಪಾಟಿನಿಂದ ಮತ್ತದೇ ದಬ್ಬಳ ತೆಗೆದಳು. ಡಬ್ಬಿಯನ್ನು ಎತ್ತಿ ಕೀಲನ್ನು ಬೆಳಕಿಗೆ ಹಿಡಿದಳು.

ದಬ್ಬಳ ಮುಟ್ಟುವ ಮೊದಲೇ ಕಡ್ಡಿ ತಾನಾಗಿ ಜಾರಿ ಮಡಿಲಿಗೆ ಬಿತ್ತು.