ತಾತ ಹೊದೆಯದ ಶಾಲು
ಹೊಸ ಜರಿಶಾಲಿನ ವಾಸನೆಗೆ ಈಗಲೂ ಜಯನಗರದ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ಸ್ವಾತಂತ್ರ್ಯಕ್ಕಾಗಿ ಬರ್ಮಾದ ಕಾಡಿನಲ್ಲಿ ಒಂದು ಪಡೆಯನ್ನೇ ಮುನ್ನಡೆಸಿದ್ದರು. ಆಮೇಲೆ ಅಷ್ಟೂ ವರ್ಷ ಅವರನ್ನು ಯಾರೂ ಕೇಳಿರಲಿಲ್ಲ. ಚುನಾವಣೆ ಹತ್ತಿರವಾದಾಗ ಪಕ್ಷದವರು ಇಬ್ಬರು ಸನ್ಮಾನಕ್ಕೆ ಕರೆಯಲು ಬಂದರು.

"ನೀವು ನಮ್ಮ ಏರಿಯಾಗೇ ಹೆಮ್ಮೆ ಸಾರ್," ಎಂದು ಒಬ್ಬ ಒರಟು ಜರಿಯ ಶಾಲು ಹೊದಿಸಲು ಬಂದ. ತಾತ ಅವನ ಕೈ ತಡೆದು, ಮುಖವನ್ನೇ ದಿಟ್ಟಿಸಿದರು.

"ನನ್ನ ಜೊತೆ ಹೋರಾಡಿ ಸತ್ತೋರಲ್ಲಿ ಒಬ್ಬರ ಹೆಸರು ಹೇಳಿ. ಬರ್ತೀನಿ."

ಶಾಲು ಹಿಡಿದವನು ಇನ್ನೊಬ್ಬನ ಕಡೆ ನೋಡಿ ನಕ್ಕ. "ಅದೆಲ್ಲ ಭಾಷಣದಲ್ಲಿ ಬರುತ್ತೆ ಸಾರ್."

"ಹಾಗಾದ್ರೆ ಹೊರಡಿ."

ಅವರು ಹೋದ ಮೇಲೆ ಅಜ್ಜಿ, "ಮನೆಗೆ ಬಂದ ಮರ್ಯಾದೇನೂ ಕಳ್ಕೊಂಡ್ರಿ," ಎಂದು ಗೊಣಗಿದರು. ತಾತ ನನ್ನ ನೋಟುಪುಸ್ತಕದ ಒಂದು ಹಾಳೆ ಹರಿದುಕೊಂಡು ಹೆಸರುಗಳನ್ನು ಬರೆಯತೊಡಗಿದರು. ಎರಡೂ ಬದಿ ತುಂಬಿದ ಮೇಲೆ ಕೈ ಚಾಚಿದರು.

"ಇನ್ನೊಂದು ಹಾಳೆ ಕೊಡು ಪುಟ್ಟಿ."