ಅತ್ತೆ ಇಸಿದುಕೊಂಡ ತಲೆನೋವು

ಶಿವನ ದಯೆಯಿಂದ ನಮ್ಮೂರಲ್ಲಿ ಹಣೆಗೆ ಹಣೆ ತಾಗಿಸಿದರೆ ಒಬ್ಬರ ನೋವು ಇನ್ನೊಬ್ಬರಿಗೆ ದಾಟುತ್ತದೆ. ಬಸುರಿಯ ನೋವನ್ನು ಅತ್ತೆಯಾದವಳು ಇಸಿದುಕೊಳ್ಳುವುದು ಹಿಂದಿನಿಂದ ಬಂದ ರೂಢಿ.

ಅಂದು ನರ್ಸ್ ಜೈತುನಬಿ ಬಂದಾಗ ಆರು ತಿಂಗಳ ಬಸುರಿ ದಾನವ್ವ ನಗುತ್ತ ರೊಟ್ಟಿ ಬಡಿಯುತ್ತಿದ್ದಳು. ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುವ ಹುಡುಗಿ ಅವಳು.

"ತಲೆನೋವು ಐತೇನವ್ವ?"

"ಇಲ್ರೀ ಅಕ್ಕಾರ."

ಜೈತುನಬಿ ತಾಯಿ ಕಾರ್ಡಿನಲ್ಲಿ 'ಇಲ್ಲ' ಎಂದು ಬರೆಯುವಷ್ಟರಲ್ಲಿ ದೇವರ ಜಗಲಿಯ ಕಡೆಯಿಂದ ನರಳಿಕೆ ಕೇಳಿತು. ಅತ್ತೆ ದುಂಡವ್ವ ತಲೆಗೆ ಒದ್ದೆ ಬಟ್ಟೆ ಬಿಗಿದು ಕುಳಿತಿದ್ದಳು.

"ಅದು ಯಾರ ತಲೆನೋವು, ದುಂಡಕ್ಕ?"

"ನಂದು."

"ದೇವರ ಮುಂದ ಕುಂತು ಸುಳ್ಳ ಹೇಳ್ತಿಯಲ್ಲ!"

ದುಂಡವ್ವ ತಲೆ ತಗ್ಗಿಸಿದಳು. "ಮುಂಜಾನೆ ಇಸಕೊಂಡೆ. ಭಾಳ ಜೋರ ಐತಿ. ಪಾಪ, ಹುಡುಗಿ ಹೆಂಗ ತಡಕೊಂತಿತ್ತು?"

ಜೈತುನಬಿಯ ಮುಖ ಗಂಭೀರವಾಯಿತು. "ನೋವೇನೋ ನೀ ಹೊತ್ತಿ. ಆಕಿ ರಕ್ತ ಹೊರಾಕ ಆಗತೈತೇನ? ಈ ಸೂಜಿ ತಗೊಳ್ಳೋರಿಗೆ ಹಿಂಗ ತಲಿ ಸಿಡದ್ರ ಒಳಗ ರಕ್ತ ಸೋರಿರಬಹುದು, ಡಾಕ್ಟರ್ ಈಗಿಂದೀಗ ನೋಡಬೇಕು. ಏಳ್ರಿ."

ಜೈತುನಬಿ ಕರೆಸಿದ ಆಸ್ಪತ್ರೆಯ ಗಾಡಿ ಬಂದದ್ದೇ ತಡ, ಎಲ್ಲರಿಗಿಂತ ಮೊದಲು ದುಂಡವ್ವ ಹತ್ತಿದಳು.

"ಬಸುರಿ ಆಕಿ, ದುಂಡಕ್ಕ!"

"ನೋವು ನನ್ನ ಹತ್ರ ಐತಲ್ಲ! ಡಾಕ್ಟರ ಮುಂದ ತಿರುಗಿ ಕೊಡ್ತೀನಿ, ಅಲ್ಲೀತನಕ ಕೊಡಂಗಿಲ್ಲ."

ದಾರಿಯ ತಗ್ಗಿನಲ್ಲಿ ಹಣೆಗೆ ಹಣೆ ತಾಗಿ ನೋವು ಸೊಸೆಗೆ ಮರಳೀತೆಂದು ದುಂಡವ್ವ ಆಸ್ಪತ್ರೆಯವರೆಗೂ ಹಣೆಯನ್ನು ಕಿಟಕಿಗೆ ಒತ್ತಿಕೊಂಡೇ ಕುಳಿತಿದ್ದಳು.